ಹುಣಸೆ ಕೊರಡಿನ ವಂಶ

ಈ ಮನುಷ್ಯನ ವಿಷಯ ಬರೆಯಬೇಕು ಅಂದುಕೊಂಡು ಬಹಳ ಕಾಲದಿಂದ ಮುಂದೂಡುತ್ತಲೇ ಬಂದಿದ್ದೇನೆ. ಒಮ್ಮೆ ಕನ್ನಡಕ ಸರಿಯಿಲ್ಲ ಅಂದೆ. ಒಮ್ಮೆ ಪೆನ್ನು ಸರಿಯಿಲ್ಲ ಅಂದೆ. ಕನ್ನಡಕ ಬದಲಾಯಿತು, ಪೆನ್ನೂ ಬದಲಾಯಿತು. ಸರಿಯಿಲ್ಲದಿದ್ದವನು ನಾನು ಅಂತ ಗೊತ್ತಾಗುವ ಹೊತ್ತಿಗೆ ಕೈ ನಡುಗುವ ವಯಸ್ಸು ಬಂತು. ಇನ್ನೂ ಮುಂದೂಡಿದರೆ ನನ್ನನ್ನೇ ಎತ್ತಿಕೊಂಡು ಹೋಗುತ್ತಾರೆ! ಆದ್ದರಿಂದ ಇವತ್ತು ಹೇಳಿಬಿಡುತ್ತೇನೆ.

ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಮನುಷ್ಯರಿಗಿಂತ ಕ್ರಿಮಿಗಳ ಜೊತೆ ಹೆಚ್ಚು ಸಲಿಗೆಯಿಂದ ಬದುಕಿದವನು. ಉತ್ಪ್ರೇಕ್ಷೆ ಅನ್ನುತ್ತೀರಾ? ಮದುವೆಯಾದ ಹೊಸತರಲ್ಲಿ ಅತ್ತೆ ಮನೆಗೆ ಬಂದ ಅಳಿಯಂದಿರು ಏನು ಮಾಡುತ್ತಾರೆ ಹೇಳಿ. ಬಾಮೈದನ ಜೊತೆ ಸುತ್ತುತ್ತಾರೆ, ಉಂಡು ಮಲಗುತ್ತಾರೆ, ಎದ್ದು ಕಾಫಿ ಕೇಳುತ್ತಾರೆ. ಇವನು ಸೀದಾ ಅಡುಗೆಮನೆಗೆ ಹೋದ. ಮೊಸರಿನ ಗಡಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಜೇಬಿನಿಂದ ತುದಿಗೆ ಹತ್ತಿ ಸುತ್ತಿದ ಒಂದು ಕಡ್ಡಿ ತೆಗೆದು, "ಅತ್ತೆ, ಇವರ ಪರಿಚಯ ಮಾಡ್ಕೋಬಹುದಾ?" ಅಂದ!

ಅವನ ಕೆಲಸವೇ ಅದು. ಹೆಬ್ಬಾಳದ ಕಡೆ ಒಂದು ಪ್ರಯೋಗಾಲಯದಲ್ಲಿದ್ದ. ಕೋಳಿ, ಮೊಟ್ಟೆ, ಹಾಲು, ಮೀನಿನ ಮೂಲಕ ನಮ್ಮ ಹೊಟ್ಟೆಗೆ ಇಳಿಯುವ ಬ್ಯಾಕ್ಟೀರಿಯಾಗಳಲ್ಲಿ ಎಷ್ಟು ಬಗೆಯಿವೆ, ಯಾವುದು ಯಾವ ಔಷಧಿಗೆ ಸಾಯುತ್ತದೆ, ಯಾವುದು ಯಾವುದಕ್ಕೂ ಸಾಯುವುದಿಲ್ಲ ಅಂತ ನೋಡುವುದು. ಅದರ ಮೇಲೆ ದೊಡ್ಡ ಪುಸ್ತಕ ಬರೆದು ಡಾಕ್ಟರ್ ಅನ್ನಿಸಿಕೊಂಡಿದ್ದ. ಡಾಕ್ಟರೇನೋ ಹೌದು, ಆದರೆ ನೆಗಡಿಗೂ ಒಂದು ಮಾತ್ರೆ ಬರೆದುಕೊಡಲಾರ. ಇದು ನನಗೆ ಬಹಳ ಸಮಾಧಾನ ಕೊಟ್ಟ ವಿಷಯ.

ಯಾಕೆ ಸಮಾಧಾನ? ಹೊಟ್ಟೆಕಿಚ್ಚು, ಇನ್ನೇನು! ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಶೆಟ್ಟಿಹಳ್ಳಿಯಲ್ಲಿ ಅಪ್ಪನಿಂದ ಬಂದ ಕೋಳಿ ಅಂಗಡಿ ನಡೆಸುತ್ತಿದ್ದೆ. ಎದುರಿಗೆ ಸಿಕ್ಕಾಗ ಅವನನ್ನು "ಏನ್ರೀ ಡಾಕ್ಟ್ರೇ" ಅನ್ನುತ್ತಿದ್ದೆ. ಆ 'ಡಾಕ್ಟ್ರೇ'ಯಲ್ಲಿ ಎಷ್ಟು ಖಾರ ಇರುತ್ತಿತ್ತು ಅನ್ನುವುದು ನನಗೂ ಗೊತ್ತು, ಅವನಿಗೂ ಗೊತ್ತು. ಬೆನ್ನ ಹಿಂದೆ ಬರೀ 'ಅವನು'. ಹೆಸರು ಹಿಡಿದು ಒಂದು ಸಲವೂ ಕರೆದವನಲ್ಲ. ಇಲ್ಲಿಯೂ ಸದ್ಯಕ್ಕೆ 'ಅವನು' ಅಂತಲೇ ಇರಲಿ.

ಅವನು ಬರುವ ಮುಂಚೆ ಯಲಹಂಕದಲ್ಲಿದ್ದ ಅತ್ತೆಯ ಆ ಹಳೇ ಮನೆಯಲ್ಲಿ ನಾನೇ ರಾಜ. ಹಿರಿಯಳಿಯ! ಸಾರಿನಲ್ಲಿ ಮಜ್ಜೆ ತುಂಬಿದ ನಲ್ಲಿ ಮೂಳೆ ಇದ್ದರೆ ಅದು ನನ್ನ ತಟ್ಟೆಗೇ ಬೀಳಬೇಕು. ಅದನ್ನು ತಟ್ಟೆಯ ಅಂಚಿಗೆ ಕುಟ್ಟಿ, ಸೊರ್ ಅಂತ ಹೀರಿ, ನಾಲ್ಕು ಜನಕ್ಕೆ ಕೇಳಿಸುವ ಹಾಗೆ 'ಆಹಾ' ಅನ್ನುವುದು ನನ್ನ ಹಕ್ಕಾಗಿತ್ತು. ಅವನು ಅಳಿಯನಾಗಿ ಬಂದ ವರ್ಷ, ಯುಗಾದಿಯ ಮಾರನೆಯ ದಿನದ ಹೊಸತೊಡಕಿನ ಊಟಕ್ಕೆ ಅತ್ತೆ ಸೌಟು ಹಿಡಿದುಕೊಂಡು ಬಂದರು. ನನ್ನ ತಟ್ಟೆಯ ಮೇಲೆ ಸೌಟು ಒಂದು ಗಳಿಗೆ ನಿಂತಿತು. ಆಮೇಲೆ ಮುಂದೆ ಹೋಯಿತು!

"ಸಣ್ಣಳಿಯಂದ್ರು ಒಸಬ್ರು. ಅವ್ರ್ಗೆ ಇರ್ಲಿ" ಅಂದರು ಅತ್ತೆ.

ಅವನಾದರೂ ಅದನ್ನು ಮರ್ಯಾದೆಯಾಗಿ ಹೀರಿದನೇ? ಮೂಳೆಯನ್ನು ಕಣ್ಣಿಗೆ ಹಿಡಿದು, ದುರ್ಬೀನಿನ ಹಾಗೆ ಈ ತುದಿಯಿಂದ ಆ ತುದಿಗೆ ನೋಡಿದ. "ಚೆನ್ನಾಗಿ ಬೆಂದಿದೆ ಅತ್ತೆ. ಒಬ್ಬರೂ ಉಳಿದಿಲ್ಲ" ಅಂದ. ಯಾರು ಉಳಿದಿಲ್ಲ ಅಂತ ಕೇಳುವ ಧೈರ್ಯ ಪಂಕ್ತಿಯಲ್ಲಿ ಯಾರಿಗೂ ಇರಲಿಲ್ಲ.

ಮೊಸರಿನ ಫಲಿತಾಂಶ ಹೇಳಲು ಮತ್ತೊಂದು ದಿನ ಬಂದ. ಪರೀಕ್ಷೆಯ ರಿಸಲ್ಟಿಗೆ ಕಾದ ಹುಡುಗಿಯ ಹಾಗೆ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು.

"ನಿಮ್ಮ ಗಡಿಗೇಲಿ ಇರೋರೆಲ್ಲ ಒಳ್ಳೇವ್ರು ಅತ್ತೆ. ಕೆಟ್ಟೋರು ಒಬ್ರೂ ಇಲ್ಲ."

"ನಮ್ಮವ್ವ ಕೊಟ್ಟ ಎಪ್ಪು ಕಣಪ್ಪ ಅದು. ಅವತ್ತಿಂದ ಅಂಗೇ ಮಡಿಕ್ಕೊಂಡು ಬಂದಿವ್ನಿ."

"ಹಾಗಾದ್ರೆ ಇವರು ನಿಮ್ಮ ತವರು ಮನೆಯವರೇ!"

ಅತ್ತೆಗೆ ಕಣ್ಣಲ್ಲಿ ನೀರು! ಸಂಜೆಯೊಳಗೆ ಇಡೀ ಬೀದಿಗೆ ಸುದ್ದಿ ಹೋಯಿತು: ನಮ್ಮ ಸಣ್ಣಳಿಯ ನಮ್ಮವ್ವನ ಮೊಸರನ್ನ ದೊಡ್ಡ ಮಿಷನ್ನಲ್ಲಿ ನೋಡಿ ಒಳ್ಳೇದು ಅಂದವ್ರೆ. ಅಷ್ಟು ವರ್ಷ ಆ ಮನೆಗೆ ಹಬ್ಬಹಬ್ಬಕ್ಕೂ ಕೋಳಿ ಸುಲಿದು, ತುಂಡು ಮಾಡಿ, ಚೀಲದಲ್ಲಿ ಹೊತ್ತು ತಂದವನು ನಾನು. ನನ್ನ ಬಗ್ಗೆ ಬೀದಿಯಲ್ಲಿ ಒಂದು ಮಾತು? ಅವನು ತಂದದ್ದು ಒಂದು ಹತ್ತಿ ಕಡ್ಡಿ!

ಅವನ ಬಸ್ಸಿನ ಪ್ರಯಾಣದ ಕಥೆ ಇನ್ನೊಂದು. ಯಶವಂತಪುರದಲ್ಲಿ ಒಂದು ಅಂಗಡಿಯ ಕೋಳಿ ಕಾಲು, ಆರ್.ಟಿ. ನಗರದಲ್ಲಿ ಇನ್ನೊಂದು ಅಂಗಡಿಯ ಮೊಟ್ಟೆ, ಹೀಗೆ ಒಂದೊಂದು ಕಡೆಯಿಂದ ಒಂದೊಂದು ಕೊಂಡು ಐಸ್ ಹಾಕಿದ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದ. ಒಂದು ದಿನ ನಾನೂ ಜೊತೆಗಿದ್ದೆ. ಪಕ್ಕದ ಹೆಂಗಸು ಡಬ್ಬಿ ನೋಡಿ, "ಏನ್ ಸಾರ್, ಮನೇಲಿ ಫಂಕ್ಷನ್ನಾ?" ಅಂದಳು.

"ಇಲ್ಲಮ್ಮಾ, ಇದನ್ನ ತಿನ್ನಲ್ಲ."

"ಮತ್ತೆ?"

"ಇದರ ಮೇಲೆ ಇರೋ ಕ್ರಿಮಿಗಳನ್ನ ಸಾಕ್ತೀನಿ."

ಹೆಬ್ಬಾಳದ ಬಸ್ಸಿನಲ್ಲಿ, ಆಫೀಸು ಬಿಡುವ ಹೊತ್ತಿನಲ್ಲಿ, ಸುತ್ತಲಿನ ಸೀಟುಗಳೆಲ್ಲ ಒಟ್ಟಿಗೆ ಖಾಲಿಯಾದದ್ದನ್ನು ನಾನು ಬೇರೆಂದೂ ನೋಡಿಲ್ಲ. ಅವನು ಕಾಲು ಚಾಚಿ ಕೂತು, "ಬನ್ನಿ ಅಣ್ಣಾ, ಜಾಗ ಆಯ್ತು" ಅಂದ!

ಆವತ್ತೇ ನನಗೆ ಅವನ ವಂಶಶಾಸ್ತ್ರದ ಪಾಠವಾದದ್ದು. ಸಾಲ್ಮೊನೆಲ್ಲಾ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಹೆಸರೇನೋ ಸಿನಿಮಾ ನಟಿಯ ಹಾಗಿದೆ, ಕೆಲಸ ಮಾತ್ರ ವಾಂತಿಭೇದಿ ತರಿಸುವುದು. ಹಸಿ ಕೋಳಿಯಲ್ಲಿ, ಮೊಟ್ಟೆಯ ಮೇಲೆ ಇರುತ್ತದೆ. "ಎಲ್ಲಾ ಒಂದೇ ಅಲ್ವೇನ್ರೀ?" ಅಂದೆ.

"ಅದು ಹೇಗೆ ಅಣ್ಣಾ? ಯಲಹಂಕದಲ್ಲಿ ನಿಂತ್ಕೊಂಡು 'ಮುನಿಯಪ್ಪಾ' ಅಂತ ಕೂಗಿ. ಬೀದಿಗೆ ಹತ್ತು ಜನ ತಿರುಗ್ತಾರೆ. ಯಾರ ಮನೆ ಮುನಿಯಪ್ಪ ಅಂತ ಕೇಳ್ಬೇಕಲ್ವಾ? ಇದೂ ಹಾಗೇ. ಹೆಸರು ಒಂದೇ, ಮನೆತನ ಬೇರೆ ಬೇರೆ. ಅದರ ಜೀನು ನೋಡಿದ್ರೆ ಯಾವ ಮನೆಯದು ಅಂತ ಗೊತ್ತಾಗುತ್ತೆ."

ಹಾಗೆ ಗೊತ್ತಾಗುವ ಫೋಟೋಗಳನ್ನು ಅತ್ತೆಗೂ ತೋರಿಸಿದ್ದ. ಕಪ್ಪು ಹಿನ್ನೆಲೆ, ಅದರ ಮೇಲೆ ಒಂದರ ಕೆಳಗೊಂದು ಬಿಳಿ ಗೆರೆಗಳು. ಒಂದೊಂದು ಮನೆತನಕ್ಕೆ ಒಂದೊಂದು ಗೆರೆಗಳ ಸಾಲು. ಅತ್ತೆ ಬಹಳ ಹೊತ್ತು ನೋಡಿ, "ಸೀರೆ ಅಂಚು ಇದ್ದಂಗೈತೆ" ಅಂದರು. "ಅಷ್ಟೇ ಅತ್ತೆ! ಅಂಚು ನೋಡಿ ಯಾವ ಮಗ್ಗದ್ದು ಅಂತ ಹೇಳೋದು ನನ್ನ ಕೆಲಸ" ಅಂತ ಅವನು ಕುಣಿದೇ ಬಿಟ್ಟ. ನನ್ನ ಅತ್ತೆ ಮತ್ತು ಅವನು ಒಂದೇ ಭಾಷೆ ಮಾತಾಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದೆ.

ನಲ್ಲಿ ಮೂಳೆ ಹೋಯಿತು, ಮೊಸರು ಹೋಯಿತು. ನನಗೆ ಉಳಿದಿದ್ದ ಒಂದೇ ಗೌರವ ಅಂದರೆ ನನ್ನ ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಬಿಸ್ಕತ್ತು ಇರುತ್ತಿರಲಿಲ್ಲ, ಮಾತ್ರೆಗಳಿದ್ದವು. ಜ್ವರ ಬಂದು ಡಾಕ್ಟರು ಆ್ಯಂಟಿಬಯೋಟಿಕ್ ಬರೆದುಕೊಟ್ಟರೆ ನಾನು ಎರಡು ದಿನ ನುಂಗಿ, ಜ್ವರ ಬಿಟ್ಟ ತಕ್ಷಣ ಉಳಿದದ್ದನ್ನು ಡಬ್ಬಿಗೆ ಸೇರಿಸುತ್ತಿದ್ದೆ. ಮನೆಮಂದಿಗೂ ಹಾಗೇ ಮಾಡಿಸುತ್ತಿದ್ದೆ. ಯಾರಿಗಾದರೂ ಹೊಟ್ಟೆ ಕೆಟ್ಟರೆ, ಗಂಟಲು ಕಟ್ಟಿದರೆ, ಹಲ್ಲು ನೋವು ಬಂದರೆ, ತೀರ್ಥ ಕೊಡುವ ಪೂಜಾರಿಯ ಗಾಂಭೀರ್ಯದಿಂದ ಡಬ್ಬಿ ತೆಗೆದು, ಬೆಳಗ್ಗೆ ಒಂದು, ಸಂಜೆ ಒಂದು ಅಂತ ಅಂಗೈಗೆ ಹಾಕುತ್ತಿದ್ದೆ. ಎಲ್ಲರೂ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಎಸ್ಸೆಸ್ಸೆಲ್ಸಿಯವನಿಗೆ ಇನ್ನೇನು ಬೇಕು?

ಅವನು ಡಬ್ಬಿ ನೋಡಿ ಹೌಹಾರಿದ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು, ಜಗಳಕ್ಕೆ ನಾನು ಸಿದ್ಧನಿದ್ದೆ! ಅದರ ಬದಲು ಮುಂದಿನ ಸಲ ಲ್ಯಾಬಿನಲ್ಲಿ ತೆಗೆದ ಒಂದು ತಟ್ಟೆಯ ಫೋಟೋ ತಂದು ಎಲ್ಲರ ಮುಂದೆ ಇಟ್ಟ. ಗಾಜಿನ ತಟ್ಟೆ, ಅದರ ತುಂಬ ಹುಲುಸಾಗಿ ಬೆಳೆದ ಬ್ಯಾಕ್ಟೀರಿಯಾ, ನಡುನಡುವೆ ರಂಗೋಲಿ ಚುಕ್ಕಿಯ ಹಾಗೆ ಔಷಧಿ ಅದ್ದಿದ ಕಾಗದದ ಬಿಲ್ಲೆಗಳು. ಕೆಲವು ಬಿಲ್ಲೆಗಳ ಸುತ್ತ ಬ್ಯಾಕ್ಟೀರಿಯಾ ಸತ್ತು ದುಂಡಗೆ ಬಯಲಾಗಿತ್ತು. ಕೆಲವಕ್ಕೆ ಬಯಲೇ ಇಲ್ಲ, ಬಿಲ್ಲೆಯ ಬುಡಕ್ಕೇ ಬಂದು ಗುಂಪು ಕಟ್ಟಿ ನಿಂತಿದ್ದವು.

"ಇದು ಅಣ್ಣನ ಡಬ್ಬೀಲಿರೋ ಮಾತ್ರೆ" ಅಂತ ಆ ಬುಡಕ್ಕೆ ಗುಂಪು ಕಟ್ಟಿದ್ದ ಬಿಲ್ಲೆ ತೋರಿಸಿದ. "ನೋಡಿ, ಕ್ಯಾರೇ ಅಂತಿಲ್ಲ."

"ಯಾಕಪ್ಪ ಅಂಗೆ?" ಅತ್ತೆ ಕೇಳಿದರು.

"ಎರಡು ದಿನ ಕೊಟ್ಟು ನಿಲ್ಲಿಸಿದ್ರೆ ಕಳ್ಳನ್ನ ಹಿಡಿದು ಸ್ಟೇಷನ್ ತೋರಿಸಿ ಬಿಟ್ಟ ಹಾಗೆ ಅತ್ತೆ. ಮುಂದಿನ ಸಲ ಪೊಲೀಸ್ರಿಗೆ ಹೆದರ್ತಾನಾ? ತನ್ನ ಮಕ್ಕಳಿಗೂ ಹೇಳಿಕೊಡ್ತಾನೆ. ಕೋಳಿ ಫಾರಂಗಳಲ್ಲೂ ಹಾಗೇ, ಕಾಯಿಲೆ ಬರೋ ಮುಂಚೇನೇ ನೀರಿಗೆ ಔಷಧಿ ಬೆರೆಸ್ತಾರೆ. ಆ ಕೋಳಿ ಮೇಲಿರೋ ಕ್ರಿಮಿ ನಮ್ಮ ಮನೆಗೆ ಬರೋ ಹೊತ್ತಿಗೆ ಎಲ್ಲಾ ಸ್ಟೇಷನ್ನೂ ನೋಡಿ ಬಂದಿರುತ್ತೆ."

ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು! ಅವತ್ತಿನಿಂದ ನನ್ನ ಡಬ್ಬಿ ಕೇಳುವವರಿಲ್ಲ. ಕೋಳಿಯನ್ನೂ ಸೇರಿಸಿ ಹೇಳಿದ್ದನಲ್ಲ, ಅಂಗಡಿಯ ಮೇಲೂ ಒಂದು ಕಲ್ಲು ಹಾಕಿದ ಹಾಗಾಯಿತು. ಇವನನ್ನು ಒಂದು ಸಲವಾದರೂ ತಲೆ ತಗ್ಗಿಸುವ ಹಾಗೆ ಮಾಡಬೇಕು ಅಂತ ಅವತ್ತು ನಿರ್ಧರಿಸಿದೆ. ಹೊಟ್ಟೆಕಿಚ್ಚಿಗೆ ಬಿಲ್ಲೆ ಕಂಡುಹಿಡಿದವರು ಯಾರಾದರೂ ಇದ್ದಾರೆಯೇ?

ಇನ್ನು ಕೊರಡಿನ ಕಥೆಗೆ ಬರುತ್ತೇನೆ. ನನ್ನ ಅಂಗಡಿಯಲ್ಲಿ ಕೋಳಿ ಕಡಿಯಲು ಹುಣಸೆ ಮರದ ಒಂದು ಕೊರಡು ಇತ್ತು. ಅಪ್ಪನ ಕಾಲದ್ದು. ಕಡಿದು ಕಡಿದು ನಡುವೆ ತಗ್ಗಾಗಿ ಬಟ್ಟಲಿನ ಹಾಗೆ ಆಗಿತ್ತು. ಅದಕ್ಕೆ ಸೋಪು ತಾಗಿಸುವ ಹಾಗಿಲ್ಲ, ಸೋಪು ತಾಗಿಸಿದರೆ ಲಕ್ಷ್ಮಿ ಹೋಗುತ್ತಾಳೆ ಅಂತ ಅಪ್ಪ ಹೇಳಿದ್ದ. ಸಂಜೆ ಅಂಗಡಿ ಮುಚ್ಚುವಾಗ ಮಚ್ಚಿನಲ್ಲಿ ಮೇಲ್ಮೈ ಕೆರೆದು, ಅರಿಶಿನ ಉಪ್ಪು ಉಜ್ಜಿ, ಒಂದು ಚೊಂಬು ನೀರು ಸುರಿದರೆ ಮುಗಿಯಿತು.

ಒಂದು ವರ್ಷ ಆಯುಧಪೂಜೆಗೆ ಎಲ್ಲರನ್ನೂ ಅಂಗಡಿಗೆ ಕರೆದಿದ್ದೆ. ಕೊರಡಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಬೂದುಗುಂಬಳ ಒಡೆದೆ. ಮಂಗಳಾರತಿ ಆಯಿತು. ಒಬ್ಬೊಬ್ಬರಾಗಿ ಬಂದು ಕೊರಡು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವನ ಸರದಿ ಬಂತು. ಭಕ್ತಿಯಿಂದ ಬಗ್ಗಿದ. ಜೇಬಿಗೆ ಕೈ ಹಾಕಿದ. ಹತ್ತಿ ಕಡ್ಡಿ! ಹೂವಿನ ಹಾರ ಸರಿಸಿ ಆ ತಗ್ಗಿನಲ್ಲಿ ತಿರುಗಿಸಿ ತಿರುಗಿಸಿ ಒರೆಸಿ, ಸಣ್ಣ ಬಾಟಲಿಯೊಳಗೆ ಹಾಕಿ ಮುಚ್ಚಿದ.

"ಏನ್ರೀ ಡಾಕ್ಟ್ರೇ, ದೇವರ ಮೈ ಮುಟ್ತೀರಲ್ಲ!" ಅಂತ ಕೂಗಿದೆ.

"ಪ್ರಸಾದ ತಗೊಂಡೆ ಅಣ್ಣಾ" ಅಂದ!

ಆಮೇಲೆ ಒಂದು ದಿನ ಫೋನಿನಲ್ಲಿ, "ಆ ಕೊರಡಿನ ಮೇಲೆ ಹಸಿ ತಿನ್ನೋದು ಏನನ್ನೂ ಹೆಚ್ಚಬೇಡಿ ಅಣ್ಣಾ. ಅಲ್ಲಿ ಒಂದು ಮನೆತನ ಬೀಡುಬಿಟ್ಟಿದೆ, ಸುಮಾರು ಔಷಧಿಗೆ ಜಗ್ಗಲ್ಲ" ಅಂದ. ನಾನು "ಆಯ್ತು ಡಾಕ್ಟ್ರೇ" ಅಂತ ಫೋನಿಟ್ಟೆ. ಅಪ್ಪನ ಕೊರಡಿಗೆ ಹೆಸರಿಡುತ್ತಾನಲ್ಲ ಅಂತ ಕುದಿಯುತ್ತಾ ಅದರ ಮೇಲೇ ಮಚ್ಚು ಬೀಸಿದೆ.

ಬಾಮೈದನ ಮಗನಿಗೆ ಮದುವೆಯಾಯಿತು. ಮದುವೆಯಾದ ಮೇಲೆ ಹೆಣ್ಣಿನ ಕಡೆಯವರನ್ನು ಕರೆದು ಮಾಂಸದೂಟ ಹಾಕುವ ಪದ್ಧತಿ ನಮ್ಮಲ್ಲಿದೆಯಲ್ಲ, ಬೀಗರ ಊಟ, ಅದನ್ನು ಯಲಹಂಕದ ಮನೆಯ ಮುಂದೆಯೇ ಶಾಮಿಯಾನ ಹಾಕಿ ಇಟ್ಟುಕೊಂಡರು. ಕೋಳಿಯ ಉಸ್ತುವಾರಿ ನನ್ನದು. ಕೊರಡನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ ಹಿತ್ತಲಲ್ಲಿ ಸ್ಥಾಪನೆ ಮಾಡಿದೆ. ಕೋಳಿಯೆಲ್ಲ ಕಡಿದು ಮುಗಿಯಿತು. ಹೆಂಗಸರು ಸೌತೆಕಾಯಿ, ಈರುಳ್ಳಿ ಹೆಚ್ಚಲು ಈಳಿಗೆಮಣೆ ಹಾಕಿಕೊಂಡು ಕೂತಿದ್ದರು.

"ನೀವು ಈಳಿಗೆಮಣೇಲಿ ಹೆಚ್ಚಿ ಮುಗಿಸೋ ಹೊತ್ತಿಗೆ ಗಂಡು ಹೆಣ್ಣಿಗೆ ಬೆಳ್ಳಿಹಬ್ಬ ಆಗುತ್ತೆ! ಕೊಡಿ ಇಲ್ಲಿ" ಅಂತ ಪುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದೆ. ಕೊರಡಿನ ಮೇಲೆ ಒಂದು ಚೊಂಬು ನೀರು ಸುರಿದೆ. ಟಕಟಕ ಅಂತ ಹೆಚ್ಚಿದೆ. ಫೋನಿನಲ್ಲಿ ಅವನು ಹೇಳಿದ ಮಾತು ನೆನಪಾಗಲಿಲ್ಲವೇ? ಆಯಿತು. ಸುಳ್ಳು ಹೇಳುವುದಿಲ್ಲ, ನೆನಪಾದದ್ದಕ್ಕೇ ಇನ್ನಷ್ಟು ಜೋರಾಗಿ ಹೆಚ್ಚಿದೆ.

ಬಡಿಸಲು ನಿಂತವರಲ್ಲಿ ಅವನೂ ಒಬ್ಬ. ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆದು, ಸೌತೆಕಾಯಿಯ ಬೇಸಿನ್ ಹಿಡಿದು, "ತರಕಾರಿ ತಿನ್ನಿ, ತರಕಾರಿ ತಿನ್ನಿ" ಅಂತ ಪಂಕ್ತಿಯುದ್ದಕ್ಕೂ ಓಡಾಡಿದ. ಅತ್ತೆಗೆ ಹಲ್ಲಿಲ್ಲ ಅಂತ ಸಣ್ಣ ಸಣ್ಣ ಚೂರು ಹುಡುಕಿ ಹಾಕಿದ.

ಮಾರನೆಯ ದಿನ ಮನೆಯಲ್ಲಿ ಅರ್ಧ ಜನ ಹಾಸಿಗೆ ಹಿಡಿದರು. ಬೇರೆಯವರು ಉಪ್ಪು ಸಕ್ಕರೆ ನೀರು ಕುಡಿದು ಎದ್ದರು. ಅತ್ತೆ ಏಳಲಿಲ್ಲ. ಜ್ವರ ಏರಿತು, ಗುರುತು ಹಿಡಿಯುವುದು ನಿಂತಿತು. ನರ್ಸಿಂಗ್ ಹೋಮಿಗೆ ಸೇರಿಸಿದೆವು. ಮಾಮೂಲಿ ಇಂಜೆಕ್ಷನ್ ಹಾಕಿದರು, ಜ್ವರ ಜಗ್ಗಲಿಲ್ಲ. ಅವನು ಡಾಕ್ಟರ ಕೈಕಾಲು ಹಿಡಿಯುವುದೊಂದು ಬಾಕಿ, ಸ್ಯಾಂಪಲ್ ತೆಗೆಸಿಕೊಂಡು ತನ್ನ ಲ್ಯಾಬಿಗೆ ಓಡಿದ.

ಅವನು ಆ ಕಡೆ ಹೋದ, ಈ ಕಡೆ ಕಾರಿಡಾರಿನಲ್ಲಿ ಬಾಮೈದ ತಲೆ ಹಿಡಿದು ಕೂತಿದ್ದ. "ಭಾವ, ಊಟ ಮಾಡಿದವರೆಲ್ಲ ಮಲಗಿಲ್ಲ. ಸೌತೆಕಾಯಿ ತಿಂದೋರೇ ಮಲಗಿರೋದು. ಅದರಲ್ಲಿ ಏನಿತ್ತು?"

ಹೆಚ್ಚಿದವನು ನಾನು ಅಂತ ಎಲ್ಲರಿಗೂ ಗೊತ್ತಿತ್ತು. ಯಾವುದರ ಮೇಲೆ ಹೆಚ್ಚಿದೆ ಅಂತ ಯಾರೂ ಕೇಳಲಿಲ್ಲ. ಕೇಳುವ ಮುಂಚೆ ನಾನೇ ಕೇಳಿದೆ:

"ಬಡಿಸಿದ್ದು ಯಾರು?"

ಅಷ್ಟೇ. ಎರಡೇ ಮಾತು. ಒಬ್ಬರ ಮುಖ ಒಬ್ಬರು ನೋಡಿದರು. "ಅವರು ಯಾವಾಗ್ಲೂ ಆ ಹುಳಗಳ ಜೊತೆನೇ ಇರ್ತಾರಲ್ವಾ" ಅಂತ ಯಾರೋ ಅಂದರು. "ಜೇಬಲ್ಲೇ ಬಾಟಲಿ ಇರುತ್ತೆ" ಅಂತ ಇನ್ನೊಬ್ಬರು. ನಾನು ನೆಲ ನೋಡುತ್ತಾ, ಏನೋ ಹೇಳಲಾರದೆ ನುಂಗಿಕೊಂಡವನ ಹಾಗೆ ತಲೆ ಅಲ್ಲಾಡಿಸಿದೆ. ಇಷ್ಟು ಚೆನ್ನಾಗಿ ನಟಿಸುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ಅಲ್ಲೇ ಗೋಡೆಗೆ ಒರಗಿ ನಿಂತಿದ್ದ ನನ್ನ ನಾದಿನಿ, ಅವನ ಹೆಂಡತಿ, ಹೊರಗೆ ಹೋದಳು.

ಅವನು ಲ್ಯಾಬಿನಿಂದ ವಾಪಸ್ಸು ಬಂದು ಡಾಕ್ಟರಿಗೆ ಹೇಳಿದ: ಇದು ಇಂಥ ಔಷಧಿಗೆ ಜಗ್ಗಲ್ಲ, ಇಂಥದ್ದಕ್ಕೆ ಸಾಯುತ್ತೆ. ಔಷಧಿ ಬದಲಾಯಿತು. ಜ್ವರ ಇಳಿಯಿತು. ಅತ್ತೆ ಕಣ್ಣು ಬಿಟ್ಟು ಮೊಸರು ಕೇಳಿದರು. ಅತ್ತೆಯನ್ನು ಉಳಿಸಿದವನು ಅವನು. ಆದರೆ ಅಷ್ಟರಲ್ಲಿ ಮನೆಯವರ ಬಾಯಲ್ಲಿ ಕಥೆ ಗಟ್ಟಿಯಾಗಿತ್ತು: ತಂದವನಿಗೆ ಓಡಿಸೋದೂ ಗೊತ್ತಿರುತ್ತೆ, ಬಿಡಿ.

ಮುಂದಿನ ಹೊಸತೊಡಕಿಗೆ ನಲ್ಲಿ ಮೂಳೆ ನನ್ನ ತಟ್ಟೆಗೆ ಬಂತು. ಅವನಿಗೆ ಪಂಕ್ತಿಯ ಕೊನೆಯಲ್ಲಿ, ಕೈ ತೊಳೆಯುವ ನಲ್ಲಿಯ ಪಕ್ಕ ತಟ್ಟೆ ಇಟ್ಟಿದ್ದರು. "ಒಳ್ಳೇದಾಯ್ತು, ನೀರು ಹತ್ತಿರ" ಅಂತ ಅವನು ನಕ್ಕ. ಆ ವರ್ಷದ ಗೌರಿಹಬ್ಬಕ್ಕೆ ನಾದಿನಿ ತಾನೇ ಮಾಡಿದ ಒಬ್ಬಟ್ಟು ಡಬ್ಬಿ ತುಂಬ ತವರಿಗೆ ತಂದಳು. ಸಂಜೆ ಹೊರಡುವಾಗ ಡಬ್ಬಿ ಅವಳ ಕೈಗೆ ವಾಪಸ್ಸು ಬಂತು. ಮುಚ್ಚಳವೇ ತೆಗೆದಿರಲಿಲ್ಲ. ಅವಳು ಅದನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ಆಟೋ ಹತ್ತಿದಳು. ನಾನು ಬಾಗಿಲಲ್ಲಿ ನಿಂತಿದ್ದೆ, ಹಲ್ಲುಕಡ್ಡಿ ಹಾಕಿಕೊಂಡು.

ಆ ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ಅಂಗಡಿಗೆ ಬಂದ. ಸ್ಟೂಲಿನ ಮೇಲೆ ಕೂತು ಎರಡು ಫೋಟೋ ತೆಗೆದು ಅಕ್ಕಪಕ್ಕ ಇಟ್ಟ. ಅದೇ ಕಪ್ಪು ಹಿನ್ನೆಲೆ, ಬಿಳಿ ಗೆರೆ.

"ಇದು ಅತ್ತೆಯದು. ಇದು ಆಯುಧಪೂಜೆ ದಿನದ್ದು."

ನನ್ನಂಥವನಿಗೂ ಕಾಣಿಸುತ್ತಿತ್ತು. ಒಂದೇ ಅಂಚು. ಒಂದೇ ಮಗ್ಗ. "ಯಾರಿಗೆಲ್ಲಾ ಹೇಳಿದ್ರಿ?"

"ನಿಮಗೆ ಹೇಳ್ತಿದ್ದೀನಲ್ಲ."

"ಮನೇಲಿ?"

"ಅವಳಿಗೂ ಹೇಳಿಲ್ಲ. ಹೇಳಿ ಏನಾಗ್ಬೇಕು? ನನ್ನ ಕಂಡ್ರೆ ಹೇಗೂ ಎಲ್ಲರಿಗೂ ಭಯ, ಬಸ್ಸಲ್ಲೂ ಭಯ. ನಿಮ್ಮ ಕೈ ಕಂಡ್ರೆ ಭಯ ಬಂದ್ರೆ ಈ ಅಂಗಡಿಗೆ ಯಾರು ಬರ್ತಾರೆ ಅಣ್ಣಾ? ಕ್ರಿಮಿ ಎಲ್ಲಿಂದ ಬಂತು ಅಂತ ಹುಡುಕೋದು ನಿಲ್ಲಿ‌ಸೋಕೆ. ನಿಲ್ಲಿಸಿಬಿಡಿ, ಸಾಕು. ಕೊರಡು ಬೇಡ. ಆ ಡಬ್ಬಿನೂ ಬೇಡ."

"ಆಗ್ಲಿ ಡಾಕ್ಟ್ರೇ" ಅಂದೆ.

ಅವನು ಎದ್ದು ಫೋಟೋಗಳನ್ನು ಜೇಬಿಗೆ ಹಾಕಿಕೊಂಡ. ಮೆಟ್ಟಿಲಿಳಿಯುವಾಗ ತಿರುಗಿ, "ಇಷ್ಟು ವರ್ಷ ಆಯ್ತು. ಹೆಸರು ಹಿಡಿದು ಕೂಗಬಾರದಾ ಅಣ್ಣಾ?" ಅಂದ.

ಕೊರಡನ್ನು ಸೀಳಿ ಬಚ್ಚಲ ಒಲೆಗೆ ಹಾಕಿದೆ. ಹುಣಸೆ ಮರ ನೋಡಿ, ಬಹಳ ದಿನ ಉರಿಯಿತು. ಡಬ್ಬಿಯನ್ನು ಅವನ ಕೈಗೆ ಕೊಟ್ಟುಬಿಟ್ಟೆ, ಮಾತ್ರೆಗಳನ್ನು ಏನು ಮಾಡಬೇಕು ಅಂತ ಅವನಿಗೇ ಗೊತ್ತಿತ್ತು. ಅವನು ಕೇಳಿದ್ದರಲ್ಲಿ ಎರಡನ್ನು ಮಾಡಿದೆ. ಮೂರನೆಯದು ಆಗಲಿಲ್ಲ. ಹೆಸರು ಹಿಡಿದು ಕರೆದರೆ ಅದರ ಹಿಂದೆಯೇ ಮಿಕ್ಕ ಮಾತೂ ಬಂದುಬಿಡುತ್ತದಲ್ಲ! ಅತ್ತೆ ಇನ್ನೂ ಎಷ್ಟೋ ಯುಗಾದಿ ನೋಡಿ ಹೋದರು, ಸಣ್ಣಳಿಯನಿಂದ ಸಾಯುತ್ತಿದ್ದೆ ಅಂತಲೇ ನಂಬಿಕೊಂಡು. ಅವರ ಮುಂದೆ ಬಾಯಿ ಬಿಡುವ ಅವಕಾಶವನ್ನು ನಾನು ಕಳೆದುಕೊಂಡೆ.

ಈಗ ಅವನು ನಿವೃತ್ತ, ಸಂಜಯನಗರದಲ್ಲಿದ್ದಾನೆ. ಕಣ್ಣು ಮಂಜಾಗಿ ಹೋಗಿದೆ. ಯಾರ ಕಣ್ಣಿಗೂ ಕಾಣದ್ದನ್ನು ಜೀವಮಾನವೆಲ್ಲ ನೋಡಿದವನಿಗೆ ಈಗ ಎದುರಿಗೆ ನಿಂತ ಮುಖ ಕಾಣುವುದಿಲ್ಲ. ಮೊನ್ನೆ, ಇವತ್ತು ಹೇಳಿಯೇ ಬಿಡಬೇಕು ಅಂತ ಹೋದೆ. ಬಾಗಿಲಲ್ಲಿ ನಿಂತಿದ್ದೆ, ಇನ್ನೂ ಮಾತಾಡಿರಲಿಲ್ಲ.

"ಸೋಪಿನ ವಾಸನೆ ಬರ್ತಿದೆ" ಅಂದ ಒಳಗಿನಿಂದ. "ಅಣ್ಣ ಬಂದ್ರಾ?"

ಹೌದು, ಈಗ ನಾನೂ ಅವನ ಹಾಗೆ ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆಯುತ್ತೇನೆ. ಕೂತು ಕಾಫಿ ಕುಡಿದೆ. ಹೆಬ್ಬಾಳದ ಮೇಲ್ಸೇತುವೆಯ ಟ್ರಾಫಿಕ್ಕಿನ ಬಗ್ಗೆ ಇಬ್ಬರೂ ಸೇರಿ ಬೈದೆವು. ಎದ್ದು ಬಂದೆ! ಅಷ್ಟೇ ನನ್ನ ಯೋಗ್ಯತೆ. ಆದರೆ ಹೊರಡುವಾಗ ಒಂದು ವಿಷಯ ತಿಳಿಯಿತು. ದಿನಾ ಬೆಳಗ್ಗೆ ನಾದಿನಿ ಅವನ ಪಕ್ಕ ಕೂತು ಪತ್ರಿಕೆ ಗಟ್ಟಿಯಾಗಿ ಓದುತ್ತಾಳಂತೆ. ಸುದ್ದಿ ಬೇಡ, ಇಂಥ ಹರಟೆಗಳನ್ನು ಓದು ಅನ್ನುತ್ತಾನಂತೆ. ಅದಕ್ಕೇ ಇದನ್ನು ಅದೇ ಪತ್ರಿಕೆಗೆ ಕಳಿಸುತ್ತಿದ್ದೇನೆ.

ನೋಡಮ್ಮಾ, ಮೊಸರಿನ ಗಡಿಗೆ ಬಂದಾಗಲೇ ಇದು ಯಾರ ವಿಷಯ ಅಂತ ನಿನಗೆ ತಿಳಿದಿರುತ್ತದೆ. ನಲ್ಲಿ ಮೂಳೆಗೆ ಅವನು ನಕ್ಕಿರುತ್ತಾನೆ. ಸೌತೆಕಾಯಿ ಬಂದ ಕೂಡಲೇ "ಸಾಕು, ಮುಂದೆ ಓದ್ಬೇಡ" ಅಂದಿರುತ್ತಾನೆ. ಅವನ ಮಾತು ಕೇಳಬೇಡ, ಓದು. ಆ ಸೌತೆಕಾಯಿಯಲ್ಲಿ ಇದ್ದದ್ದು ನನ್ನ ಕೊರಡಿನದು. ನಿನ್ನ ಒಬ್ಬಟ್ಟಿನ ಡಬ್ಬಿ ಮುಚ್ಚಿದ ಹಾಗೇ ವಾಪಸ್ಸು ಬಂದದ್ದು ನನ್ನ ಬಾಯಿಂದ. ಬಾಮೈದನೂ ಇದನ್ನು ಓದುತ್ತಾನೆ, ಓದಲಿ. ತಪ್ಪಾಯಿತು. ಈಗ ಅವನ ಕಿವಿಯ ಹತ್ತಿರ ಬಗ್ಗಿ, ನನ್ನ ಪರವಾಗಿ ಇನ್ನೊಂದೇ ಒಂದು ಮಾತು, ಅವನ ಹೆಸರು, ಗಟ್ಟಿಯಾಗಿ ಓದು. ಮುನಿಯಪ್ಪಂದಿರ ಹಾಗೆ ಆ ಹೆಸರಿನವರೂ ಯಲಹಂಕದಲ್ಲಿ ಬೀದಿಗೆ ಹತ್ತು ಜನ ಇದ್ದಾರೆ. ಬರೀ ಹೆಸರು ಕೂಗಿದರೆ ಸಾಲದು, ಯಾರ ಮನೆಯವನು ಅಂತಲೂ ಹೇಳಬೇಕು ಅಂತ ಅವನೇ ನನಗೆ ಕಲಿಸಿದ್ದು.

ನಮ್ಮ ಮನೆಯ ಮುನಿರಾಜು.